ವಿಳಾಸವೇ ಅಡ್ಮಿಷನ್

ಬೆಂಗಳೂರಿನಲ್ಲಿ ಮಗುವಿಗೆ ಸ್ಕೂಲು ಹುಡುಕಿದವರಿಗೆ ಜಗತ್ತಿನ ಯಾವ ಇಂಟರ್‌ವ್ಯೂ ಕೂಡ ಲೆಕ್ಕಕ್ಕಿಲ್ಲ. ಮಗುವಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರುವುದಿಲ್ಲ, ಅಷ್ಟರಲ್ಲೇ ಅಪ್ಪ ಅಮ್ಮ ಇಸ್ತ್ರಿ ಬಟ್ಟೆ ತೊಟ್ಟು ಪ್ರಿನ್ಸಿಪಾಲರ ಎದುರು ಕೂತಿರುತ್ತಾರೆ. 'ಮಗುವಿನಿಂದ ನೀವು ಏನು ನಿರೀಕ್ಷಿಸುತ್ತೀರಿ?' ಎಂದು ಅವರು ಕೇಳುತ್ತಾರೆ. 'ಒಳ್ಳೆ ಮನುಷ್ಯನಾದ್ರೆ ಸಾಕು ಮೇಡಂ' ಎಂದು ನಾವು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತೇವೆ. ಡೊನೇಶನ್ ಎಂಬ ಮಾತನ್ನು ಅವರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. 'ಬಿಲ್ಡಿಂಗ್ ಫಂಡ್' ಎಂದಾಗ ಇಬ್ಬರೂ ನೆಲ ನೋಡುತ್ತೇವೆ. ಎರಡು ಮಕ್ಕಳಿಗೆ ಇಷ್ಟೂ ಮಾಡಿ ಗೆದ್ದು ಬಂದ ಮೇಲೆ ನನ್ನ ಬಗ್ಗೆ ನನಗೆ ಸ್ವಲ್ಪ ಗರ್ವವೇ ಇತ್ತು.

ಹಾಗಾಗಿ ನಮ್ಮವರಿಗೆ ಕಂಪನಿಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಮೂರು ವರ್ಷದ ಮಟ್ಟಿಗೆ ವರ್ಗವಾದಾಗ, ಸೂಟ್‌ಕೇಸಿಗಿಂತ ಮೊದಲು ಮನೆಯಲ್ಲಿ ತೆರೆದುಕೊಂಡದ್ದು ಎಕ್ಸೆಲ್ ಶೀಟು. ಶಾಲೆಯ ಹೆಸರು, ಫೀಸು, ರಿಸಲ್ಟು, ಬಸ್ಸು, ಮೈದಾನ, ಸಸ್ಯಾಹಾರ ಸಿಗುತ್ತದೋ ಇಲ್ಲವೋ ಎಂದೆಲ್ಲ ಕಾಲಂ ಹಾಕಿದೆ. ಊರಿನವರು ಸಲಹೆ ಕೊಡಲು ಶುರುಮಾಡಿದರು. ನಮ್ಮ ಸೋದರಮಾವನ ಚಿಂತೆ ವಾಪಸ್ ಬಂದ ಮೇಲಿನದು.

"ಸುಮ್ನೆ ಆ ಭಾಷೆ ಈ ಭಾಷೆ ಅಂತ ಮಕ್ಕಳ ತಲೆ ಕೆಡಿಸ್ಬೇಡ ಕಣಮ್ಮಾ. ಮನೇಲೇ ಕೂರಿಸಿ ಆನ್‌ಲೈನಲ್ಲಿ ಸಿಬಿಎಸ್‌ಇ ಓದಿಸ್ಬಿಡು."

"ಆ ದೇಶದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸಲೇಬೇಕಂತೆ ಮಾವ. ಮನೇಲಿ ಇಟ್ಕೊಂಡು ಓದಿಸಿದ್ರೆ ದಂಡ ಹಾಕ್ತಾರೆ, ಪೊಲೀಸರೂ ಬರಬಹುದು."

"ಓದಿಸಿದ್ದಕ್ಕಾ?" ಎಂದರು ಮಾವ. ಅವರ ಮಟ್ಟಿಗೆ ಜರ್ಮನಿಯ ಮಾನ ಅಲ್ಲಿಗೆ ಮುಗಿಯಿತು. 1919ರ ವೈಮಾರ್ ಸಂವಿಧಾನದಲ್ಲೇ ಶಾಲೆಗೆ ಹೋಗುವುದು ಕಡ್ಡಾಯವೆಂದು ಬರೆದುಕೊಂಡ ದೇಶ ಅದು ಎಂದು ವಿವರಿಸಹೊರಟೆ. ಅವರಾಗಲೇ ಫೋನಿಟ್ಟಿದ್ದರು.

ಓರಗಿತ್ತಿಯದು ಒಂದೇ ಮಂತ್ರ: ಇಂಟರ್‌ನ್ಯಾಷನಲ್ ಸ್ಕೂಲು. ಇಂಗ್ಲಿಷಿನಲ್ಲೇ ಪಾಠ, ಮುಂದೆ ಯಾವ ದೇಶಕ್ಕೆ ಹೋದರೂ ನಡೆಯುತ್ತದೆ ಎಂಬುದೇನೋ ನಿಜ. ಆದರೆ ಅಂಥ ಶಾಲೆಗಳಲ್ಲಿ ಒಂದು ಮಗುವಿನ ವರ್ಷದ ಫೀಸು 15 ಸಾವಿರ ಯೂರೋ ದಾಟುವುದು ಅಪರೂಪವಲ್ಲ. ಕಂಪನಿ ನಮ್ಮ ಸೋಫಾ ಸಾಗಿಸಲು ದುಡ್ಡು ಕೊಡುತ್ತದಂತೆ, ಮಕ್ಕಳ ಫೀಸನ್ನು ಮಾತ್ರ ಇನ್ನೂ ಎರಡು ಮೆಟ್ಟಿಲು ಮೇಲಿನ ಸಾಹೇಬರಿಗಷ್ಟೇ ಕಟ್ಟುತ್ತದಂತೆ. ಯೂರೋವನ್ನು ರೂಪಾಯಿಗೆ ಗುಣಿಸಬಾರದು ಎಂದು ಹೊರದೇಶಕ್ಕೆ ಹೋದವರೆಲ್ಲ ಹೇಳುತ್ತಾರೆ. ಗುಣಿಸದವರನ್ನು ನಾನಿನ್ನೂ ನೋಡಿಲ್ಲ. ನಾನೂ ಗುಣಿಸಿದೆ, ಆ ಕಾಲಂ ಅಳಿಸಿದೆ.

ಉಳಿದದ್ದು ಅಲ್ಲಿನ ಸರ್ಕಾರಿ ಶಾಲೆ. ನಗರಾಡಳಿತದ ಶಾಲಾ ಕಚೇರಿಗೆ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ: ನಿಮ್ಮ ಊರಿನ ಅತ್ಯುತ್ತಮ ಪ್ರಾಥಮಿಕ ಶಾಲೆಗಳ ಪಟ್ಟಿ ದಯಪಾಲಿಸಬೇಕು. ಉತ್ತರ ಬಂತು: ನಿಮ್ಮ ವಿಳಾಸ ಏನು? ಶಾಲೆ ಗೊತ್ತಾದ ಮೇಲೆ ವಿಳಾಸ ನಿರ್ಧರಿಸುತ್ತೇವೆ ಎಂದೆ. ಮತ್ತೆ ಉತ್ತರ: ವಿಳಾಸ ಗೊತ್ತಾದ ಮೇಲೆ ಬರೆಯಿರಿ.

ವಿಷಯ ಇಷ್ಟೇ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕು ವರ್ಷ. ಒಂದೊಂದು ಬೀದಿಯೂ ಒಂದೊಂದು ಶಾಲೆಗೆ ಸೇರಿದ್ದು. ಮನೆ ಆ ಬೀದಿಯಲ್ಲಿದ್ದರೆ ಮಗು ಆ ಶಾಲೆಗೆ. ಫೀಸಿಲ್ಲ, ಅಪ್ಪ ಅಮ್ಮನಿಗೆ ಇಂಟರ್‌ವ್ಯೂ ಇಲ್ಲ, ಕಟ್ಟಡ ನಿಧಿ ಇಲ್ಲ, ಶಾಸಕರ ಶಿಫಾರಸು ಪತ್ರಕ್ಕೆ ಜಾಗವಿಲ್ಲ. ತೀರಾ ಬಲವಾದ ಕಾರಣವಿದ್ದರೆ ಬೇರೆ ಶಾಲೆಗೆ ಅರ್ಜಿ ಹಾಕಬಹುದು. 'ಪಕ್ಕದ ಶಾಲೆಯ ರಿಸಲ್ಟ್ ಚೆನ್ನಾಗಿದೆ' ಎಂಬುದು ಅವರಿಗೆ ಕಾರಣವಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಅವಮಾನ. ಇಷ್ಟು ವರ್ಷ ಕಷ್ಟಪಟ್ಟು ಕಲಿತ ವಿದ್ಯೆಗೆ ಆ ಊರಿನಲ್ಲಿ ಗಿರಾಕಿಯೇ ಇಲ್ಲ!

ಆದರೆ ನಿರಾಸೆ ಬಹಳ ದಿನ ಉಳಿಯಲಿಲ್ಲ. ಇಂಟರ್‌ವ್ಯೂ ಎಲ್ಲಿಗೂ ಹೋಗಿರಲಿಲ್ಲ, ಮನೆ ಓನರುಗಳ ಕೈಗೆ ಬಂದಿತ್ತು. ಸ್ಟುಟ್‌ಗಾರ್ಟ್ ಎಂಬುದು ಬಟ್ಟಲಿನ ಆಕಾರದ ಕಣಿವೆಯ ಊರು. ಬಟ್ಟಲಿನ ಅಂಚಿಗೆ ಹತ್ತಲು ನಾನೂರಕ್ಕೂ ಹೆಚ್ಚು ಮೆಟ್ಟಿಲ ದಾರಿಗಳಿವೆ. ಖಾಲಿ ಮನೆಗಳು ಅವಕ್ಕಿಂತ ಕಡಿಮೆ ಇರಬಹುದೆಂದು ನನ್ನ ಗುಮಾನಿ. ಒಂದು ಮನೆ ನೋಡಲು ಹೋದರೆ ಮೆಟ್ಟಿಲ ಮೇಲೆ ಸಾಲುಗಟ್ಟಿ ಜನ; ಎಲ್ಲರ ಕೈಯಲ್ಲೂ ಸಂಬಳದ ಚೀಟಿ, ಸಾಲ ತೀರಿಸಿದ್ದಕ್ಕೆ ಶೂಫಾ ಎಂಬ ಸಂಸ್ಥೆಯ ಪತ್ರ, ನಗುವ ಕುಟುಂಬದ ಫೋಟೋ. ಓನರಮ್ಮ ಕೇಳುತ್ತಿದ್ದರು: ಮಕ್ಕಳು ಓಡಾಡುತ್ತಾರೋ, ನಡೆದಾಡುತ್ತಾರೋ? ಮನೆಯಲ್ಲಿ ಯಾರಾದರೂ ವಾದ್ಯ ನುಡಿಸುತ್ತಾರೋ? ಅಡುಗೆಗೆ ಒಗ್ಗರಣೆ ಹಾಕುತ್ತೀರೋ ಎಂದು ನೇರವಾಗಿ ಕೇಳಲಿಲ್ಲ, 'ವಾಸನೆ' ಎಂದರು. ಇನ್ನು ಕಟ್ಟಡದ ಮೆಟ್ಟಿಲನ್ನು ಪಾಳಿಯ ಮೇಲೆ ಬಾಡಿಗೆದಾರರೇ ಗುಡಿಸಿ ಒರೆಸಬೇಕು, ಆ ಸೀಮೆಯ ಹಳೆಯ ವ್ರತ ಅದು. 'ನಮ್ಮಲ್ಲಿ ಬೆಳಗ್ಗೆ ಎದ್ದು ಬಾಗಿಲು ಸಾರಿಸಿ ರಂಗೋಲಿ ಹಾಕ್ತೀವಿ' ಎಂದೆ. ಓನರಮ್ಮನ ಮುಖ ಅರಳಿತು. ಫಾಯರ್‌ಬಾಖ್ ಎಂಬ ಬಡಾವಣೆಯಲ್ಲಿ ಮನೆ ಸಿಕ್ಕಿತು, ಮನೆಯ ಜೊತೆ ಶಾಲೆಯೂ ಸಿಕ್ಕಿತು. ನಮ್ಮವರು ಮಾತ್ರ ಇಂದಿಗೂ ಮನೆ ಸಿಕ್ಕಿದ್ದು ತಮ್ಮ ಸಂಬಳದ ಚೀಟಿಯಿಂದ ಎಂದೇ ನಂಬಿದ್ದಾರೆ.

ಮಗನದು ಒಂದನೇ ತರಗತಿ. ಅಲ್ಲಿ ಜೂನ್ 30ರೊಳಗೆ ಆರು ತುಂಬಿದರೆ ಆ ಸೆಪ್ಟೆಂಬರಿನಲ್ಲಿ ಶಾಲೆ ಕಡ್ಡಾಯ. ನಮ್ಮ ಕರ್ನಾಟಕದಲ್ಲಿ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮಕ್ಕೆ ತಂದೆತಾಯಂದಿರು ರಂಪ ಮಾಡಿ, 2025–26ಕ್ಕೆ ಐದೂವರೆ ಆದರೂ ಸಾಕೆಂದು ಸರ್ಕಾರ ಸಡಿಲಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿ ತದ್ವಿರುದ್ಧ. ಪಕ್ಕದ ಮನೆಯಾಕೆ ತನ್ನ ಮಗನಿಗೆ ಆರಾಗುವುದು ಆಗಸ್ಟಿನಲ್ಲಿ ಎಂದು ಖುಷಿಪಟ್ಟಳು: "ಇನ್ನೊಂದು ವರ್ಷ ಆಡಿಕೊಂಡಿರುತ್ತಾನೆ." ನಾನು ದಂಗಾದೆ. ನನ್ನ ಮಗ ಎಲ್‌ಕೆಜಿ, ಯುಕೆಜಿ ದಾಟಿ ಐದರ ಮಗ್ಗಿ ಒಪ್ಪಿಸುತ್ತಿದ್ದ. ಶಾಲೆಗೆ ಮುಂಚಿನ ಆರೋಗ್ಯ ತಪಾಸಣೆಯಲ್ಲಿ ಮಗ್ಗಿ ಹೇಳಿಸಲೆಂದು ನಾನು ಅವನನ್ನು ತಿವಿಯುತ್ತಲೇ ಇದ್ದೆ. ತಪಾಸಣೆಗೆ ಕೂತಿದ್ದ ಮಹಾತಾಯಿ ಕೇಳಿದ್ದು: ಒಂಟಿ ಕಾಲಲ್ಲಿ ಕುಂಟುತ್ತಾನೋ? ಕತ್ತರಿ ಹಿಡಿಯುತ್ತಾನೋ? ಮನುಷ್ಯನ ಚಿತ್ರ ಬರೆಯುತ್ತಾನೋ? ಮಗ ಚಿತ್ರ ಬರೆದ. ಮನುಷ್ಯನಿಗೆ ಕಿವಿ ಇರಲಿಲ್ಲ. ನಾನು ಮನೆಗೆ ಬಂದು ಕಿವಿ ಬರೆಯುವ ಟ್ಯೂಷನ್ ಶುರುಮಾಡಿದೆ.

ಮೊದಲ ದಿನ ಪ್ರತಿ ಮಗುವೂ ಹೆಚ್ಚುಕಡಿಮೆ ತನ್ನ ಎದೆಮಟ್ಟದ ಬಣ್ಣದ ಕಾಗದದ ಪೊಟ್ಟಣವನ್ನು ಅಪ್ಪಿಕೊಂಡು ಬರುವುದು ಅಲ್ಲಿನ ಪದ್ಧತಿ. ಒಳಗೆ ಮಿಠಾಯಿ, ಪೆನ್ಸಿಲು, ಆಟಿಕೆ. ಶೃಂಗೇರಿಯಲ್ಲಿ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸಿಕೊಂಡಾಗ ಬೆರಳು ನೋವೆಂದು ಊರಿಗೆ ಕೇಳುವಂತೆ ಅತ್ತಿದ್ದ ಮಗ, ಇಲ್ಲಿ ಪೊಟ್ಟಣದೊಳಗೆ ತಲೆ ಹಾಕಿಕೊಂಡು ಒಳಗೆ ನಡೆದ, ತಿರುಗಿಯೂ ನೋಡಲಿಲ್ಲ. ಎರಡನೇ ವಾರಕ್ಕೆ ಪೋಷಕರ ಸಭೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತೆವು. ಟೀಚರು ನಕ್ಕು ಹೇಳಿದರು: ದಯವಿಟ್ಟು ಕಾರಿನಲ್ಲಿ ತಂದು ಬಿಡಬೇಡಿ, ಕೈ ಹಿಡಿದು ಗೇಟಿನವರೆಗೂ ಬರಬೇಡಿ; ಮಕ್ಕಳು ತಾವೇ ನಡೆದು ಬರಲಿ. ಸುರಕ್ಷಿತ ದಾರಿಯ ನಕ್ಷೆ ಕೂಡ ಕೊಟ್ಟರು. ಸ್ಕೂಲ್ ವ್ಯಾನಿನ ಡ್ರೈವರಣ್ಣನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಬದುಕಿದವಳು ನಾನು. ಮೊದಲೊಂದು ತಿಂಗಳು ಮಗ ನಕ್ಷೆ ನೋಡಿಕೊಂಡು ಮುಂದೆ ನಡೆದ, ನಾನು ಮರದಿಂದ ಮರಕ್ಕೆ ಅಡಗಿಕೊಂಡು ಹಿಂದೆ ನಡೆದೆ. ಮರಗಳ ಹಿಂದೆ ಇನ್ನಿಬ್ಬರು ಭಾರತೀಯ ತಾಯಂದಿರ ಪರಿಚಯವಾಯಿತು.

ಮಗಳದು ಮೂರನೇ ತರಗತಿ, ಭಾಷೆ ಬರದವರ ಪೂರ್ವಸಿದ್ಧತಾ ತರಗತಿಯ ಮೂಲಕ. ಸಿರಿಯಾ, ಉಕ್ರೇನ್, ರೊಮಾನಿಯಾದ ಮಕ್ಕಳ ಜೊತೆ ಕೂತು ಕೆಲವೇ ತಿಂಗಳಲ್ಲಿ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದು ಅನುವಾದಿಸುವಷ್ಟಾದಳು. ಭಾಷೆಯ ಮಾತು ಬಂತೆಂದು ಹೇಳುತ್ತೇನೆ, ಸ್ಟುಟ್‌ಗಾರ್ಟ್ ಸೀಮೆಯ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಿಳಿದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ. ಕಿಟೆಲ್ 1894ರಲ್ಲಿ ನಮ್ಮ ನಿಘಂಟನ್ನೇ ಕೊಟ್ಟು, ಕೊನೆಗೆ ಸ್ಟುಟ್‌ಗಾರ್ಟಿಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ ಕಣ್ಣುಮುಚ್ಚಿದ. ಅವರು ನಮ್ಮ ಭಾಷೆಗೆ ಅಷ್ಟೆಲ್ಲ ಮಾಡಿರುವಾಗ ಋಣ ತೀರಿಸಲು ನಾನು ಅವರ ಭಾಷೆಯ ತರಗತಿಗೆ ಸೇರಿದೆ. ಋಣ ಇನ್ನೂ ಹಾಗೇ ಇದೆ.

ಮಾರ್ಕ್ಸಿನ ವಿಷಯಕ್ಕೆ ಬರೋಣ. ಅಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಮುಳುಗಿದ ಹಾಗೆ. ಮಗಳು ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಅಜ್ಜಿಗೆ ಸಮಾಚಾರ ಕೊಟ್ಟಳು.

"ಅಜ್ಜೀ, ಮ್ಯಾಥ್ಸಲ್ಲಿ ನಂಗೆ ನಾಲ್ಕು!"

"ಎಷ್ಟಕ್ಕೆ ಪುಟ್ಟೀ?"

"ಆರಕ್ಕೆ. ಲೀನಾಗೆ ಒಂದೇ ಒಂದು."

"ಅಯ್ಯೋ ಪಾಪ, ಆ ಮಗೂಗೆ ಸ್ವಲ್ಪ ಹೇಳ್ಕೊಡೇ" ಎಂದ ನಮ್ಮತ್ತೆ, ಮೊಮ್ಮಗಳ ಹೆಸರಿನಲ್ಲಿ ಐನೂರು ರೂಪಾಯಿ ತೆಗೆದಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಕಾಲ್ ಕಟ್ ಮಾಡಿದ್ದಳು. ಬುದ್ಧಿ ಇಲ್ಲ ಎನ್ನಲಾಗದು.

ಇಷ್ಟು ಹೊತ್ತು ಹಾಸ್ಯ ನಡೆಯುತ್ತದೆ. ನಾಲ್ಕನೇ ತರಗತಿ ಬಂದ ಕೂಡಲೇ ನಿಲ್ಲುತ್ತದೆ. ಏಕೆಂದರೆ ಅಲ್ಲಿಂದ ಮುಂದೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಒಡೆದು ಹೋಗುತ್ತಾರೆ. ನೇರವಾಗಿ ವಿಶ್ವವಿದ್ಯಾಲಯದ ಹಾದಿ ಹಿಡಿಯುವ ಗಿಮ್ನಾಜಿಯಂ, ಹತ್ತನೆಯವರೆಗೆ ಓದಿಸುವ ರಿಯಾಲ್‌ಶೂಲೆ, ಬೇಗ ಕಸುಬಿನ ಕಡೆಗೆ ತಿರುಗಿಸುವ ಇನ್ನೊಂದು, ಎಲ್ಲರನ್ನೂ ಒಟ್ಟಿಗೆ ಕೂರಿಸುವ ಮತ್ತೊಂದು. ಒಂಬತ್ತು-ಹತ್ತು ವರ್ಷಕ್ಕೇ! ಹಿಂದೆ ಕೆಲವು ವರ್ಷ ಟೀಚರು ಹೇಳುವುದು ಬರೀ ಸಲಹೆಯಾಗಿತ್ತು. 2024–25ರ ನಾಲ್ಕನೇ ತರಗತಿಯಿಂದ ಗಿಮ್ನಾಜಿಯಂ ಮಟ್ಟಿಗೆ ಅದು ಮತ್ತೆ ಬಿಗಿಯಾಗಿದೆ. ಶಿಕ್ಷಕರ ಅಭಿಪ್ರಾಯ, 'ಕೊಂಪಾಸ್ 4' ಎಂಬ ಪರೀಕ್ಷೆ, ಪೋಷಕರ ಇಚ್ಛೆ ಎಂಬ ಮೂರರಲ್ಲಿ ಎರಡು ಕೂಡಿಬರಬೇಕು. ಪೋಷಕರ ಇಚ್ಛೆ ಒಂದೇ ಇದ್ದರೆ ಮಗು ಇನ್ನೊಂದು ಪರೀಕ್ಷೆ ಬರೆಯಬೇಕು. 2024ರ ನವೆಂಬರಿನಲ್ಲಿ ಆ ಕೊಂಪಾಸ್ ಮೊದಲ ಸಲ ನಡೆದಾಗ ಗಣಿತದಲ್ಲಿ ಗಿಮ್ನಾಜಿಯಂ ಮಟ್ಟ ಮುಟ್ಟಿದವರು ನೂರಕ್ಕೆ ಸುಮಾರು 6 ಮಕ್ಕಳಂತೆ. ಬೆಂಗಳೂರಿನಲ್ಲಿ ನಾವು ಮೂರರ ವಯಸ್ಸಿನಲ್ಲಿ ಮುಗಿಸಿಬಿಡುವ ಸಂಕಟವನ್ನು ಅವರು ಹತ್ತಕ್ಕೆ ಮುಂದೂಡಿದ್ದಾರೆ, ಅಷ್ಟೇ. ನಡುವೆ ದಾರಿ ಬದಲಿಸಿ ಮೇಲೆ ಹತ್ತಬಹುದೆಂದು ಎಲ್ಲರೂ ಸಮಾಧಾನ ಹೇಳುತ್ತಾರೆ, ಹತ್ತಿದವರೂ ಇದ್ದಾರೆ. ಆದರೂ ಭಾಷೆ ಈಗಷ್ಟೇ ಕಲಿತ ಮಗುವಿನ ಮೇಲೆ ಇಷ್ಟು ಬೇಗ ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಜರ್ಮನ್ನರಲ್ಲೇ ಅನೇಕರಿಗೆ ಒಪ್ಪಿಗೆಯಿಲ್ಲ, ದಶಕಗಳಿಂದ ಅವರೂ ಅದರ ಮೇಲೆ ಜಗಳವಾಡುತ್ತಿದ್ದಾರೆ.

ಆದ್ದರಿಂದ ಮಕ್ಕಳನ್ನು ಕಟ್ಟಿಕೊಂಡು ಆ ಕಡೆ ಹೊರಟವರು ನನ್ನನ್ನು ಕೇಳಿದರೆ ನಾನು ಹೇಳುವುದಿಷ್ಟು. ಮಗು ಒಂದನೇ, ಎರಡನೇ ತರಗತಿಯ ವಯಸ್ಸಿನದಾಗಿದ್ದರೆ ಶಾಲೆಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ಮನೆ ಹುಡುಕಿ. ಮೂರು, ನಾಲ್ಕನೆಯದಾಗಿದ್ದರೆ ಇಲ್ಲೇ ಜರ್ಮನ್ ಪಾಠ ಶುರುಮಾಡಿಸಿ. ಮಾರ್ಕ್ಸ್ ಕಾರ್ಡು, ಅಬ್ಯಾಕಸ್ ಸರ್ಟಿಫಿಕೇಟು, ಒಲಿಂಪಿಯಾಡ್ ಪದಕ ಎಲ್ಲ ಊರಲ್ಲೇ ಇರಲಿ, ನನ್ನ ಫೈಲನ್ನು ಅಲ್ಲಿ ಯಾರೂ ಬಿಚ್ಚಿಯೂ ನೋಡಲಿಲ್ಲ. ಅವರು ಕೇಳಿದ್ದು ಆಸ್ಪತ್ರೆಯಲ್ಲಿ ಕೊಟ್ಟ, ಮೂಲೆ ಮಡಚಿ ಸಾರಿನ ಕಲೆಯಾದ ಲಸಿಕೆಯ ಕಾರ್ಡು. ದಡಾರಕ್ಕೆ ಎರಡು ಚುಚ್ಚುಮದ್ದು ಆಗಿರುವುದಕ್ಕೆ ಶಾಲೆಗೆ ಸೇರುವಾಗ ಪುರಾವೆ ತೋರಿಸಬೇಕೆಂದು 2020ರ ಮಾರ್ಚಿನಿಂದ ಅಲ್ಲಿ ಕಾನೂನೇ ಇದೆ. ಆ ಕಾರ್ಡನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.