ಬಾಡಿಗೆಗೆ ಬಂದ ತಿಪ್ಪೆ

ಕಾರು ಬಿಸಿಲಲ್ಲಿ, ಮೊಸರಿನ ಡಬ್ಬಿ ನೆರಳಲ್ಲಿ. ಹದಿಮೂರು ವರ್ಷದಿಂದ ನಮ್ಮ ಮನೆಯ ವ್ಯವಸ್ಥೆ ಇದೇ. ಎರಡು ಕಾರು ಹಿಡಿಸುವ ಗ್ಯಾರೇಜು ಇದೆ ಅಂತಲೇ ಟೆಕ್ಸಾಸಿನ ಈ ಮನೆ ಕೊಂಡದ್ದು. ಕಾರು ಅದರೊಳಗೆ ನಿಂತದ್ದು ಗೃಹಪ್ರವೇಶದ ವಾರ ಮಾತ್ರ. ಆಮೇಲೆ ಟೀವಿ ಬಂದ ರಟ್ಟಿನ ಪೆಟ್ಟಿಗೆ ಒಳಗೆ ಬಂತು. ವಾರಂಟಿ ಮುಗಿಯೋವರೆಗೆ ಇರಲಿ ಅಂದೆ. ಟೀವಿಯೇ ಕೆಟ್ಟು ಹೋಯಿತು, ಪೆಟ್ಟಿಗೆ ಗಟ್ಟಿಮುಟ್ಟಾಗಿದೆ.

ಹೋದ ಏಪ್ರಿಲಿನ ಒಂದು ಸಂಜೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಸುರಿಯಿತು. ಉತ್ತರ ಟೆಕ್ಸಾಸಿನಲ್ಲಿ ವಸಂತ ಬರೋದೇ ಹೀಗೆ, ಕೋಗಿಲೆ ಗೀಗಿಲೆ ಏನಿಲ್ಲ. ಹತ್ತು ನಿಮಿಷದಲ್ಲಿ ಹೊಸ ಕಾರಿನ ಬಾನೆಟ್ಟು ಪಡ್ಡಿನ ಹೆಂಚಾಯಿತು. ಇನ್ಶೂರೆನ್ಸಿನವರು ಫೋಟೋ ನೋಡಿ, ಮೊದಲ ಸಾವಿರ ಡಾಲರ್ ನಿಮ್ಮದು ಅಂದರು. ನಮ್ಮವಳು ಏನೂ ಅನ್ನಲಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿ, ಅಲ್ಲಿ ಒಂದು ಏಟೂ ಬೀಳದೆ ಸುಖವಾಗಿ ಕೂತಿದ್ದ ಮೊಸರಿನ ಡಬ್ಬಿಗಳನ್ನು ತೋರಿಸಿದಳು. ನಲವತ್ತಮೂರು, ಮುಚ್ಚಳ ಸಮೇತ. ತಿರುಗಿ ನನ್ನ ಮುಖ ನೋಡಿದಳು.

ಮರುದಿನ ಡಂಪ್‌ಸ್ಟರ್ ಬಾಡಿಗೆ ವಿಚಾರಿಸತೊಡಗಿದೆ. ಲಾರಿಯಲ್ಲಿ ಬಂದು ಮನೆ ಮುಂದೆ ಕೂತು, ತುಂಬಿದ ಮೇಲೆ ಲಾರಿಯಲ್ಲೇ ಹೋಗುವ ಕಸದ ತೊಟ್ಟಿ ಅದು.

ಬರೀ ಕಸದ ಡಬ್ಬ, ನೂರು ಡಾಲರಿಗೆ ಸಿಗಬಹುದು ಅಂದುಕೊಂಡಿದ್ದೆ. ಈ ಕಡೆ ಅದಕ್ಕೆ ಎಷ್ಟು ಗಿರಾಕಿ ಅನ್ನೋದು ಗೊತ್ತಿರಲಿಲ್ಲ. ನಾನಿರೋದು ಡಾಲಸ್ ಹತ್ತಿರದ ಫ್ರಿಸ್ಕೊ ಊರಿನ ಪಕ್ಕದಲ್ಲಿ. 2000ದ ಜನಗಣತಿಯಲ್ಲಿ ಫ್ರಿಸ್ಕೊದ ಜನಸಂಖ್ಯೆ 33,714. 2020ರಲ್ಲಿ 2,00,509. ಇಡೀ ಟೆಕ್ಸಾಸಿಗೆ 2010ರಿಂದ 2020ರೊಳಗೆ ಹೆಚ್ಚುಕಮ್ಮಿ 40 ಲಕ್ಷ ಜನ ಹೊಸದಾಗಿ ಸೇರಿಕೊಂಡರು. ಬಂದವರಿಗೆಲ್ಲ ಮನೆ ಕಟ್ಟಬೇಕು, ಕಟ್ಟಿದ ಮನೆಯ ಅಡುಗೆಮನೆ ಒಡೆದು ಮತ್ತೆ ಕಟ್ಟಬೇಕು, ಆಲಿಕಲ್ಲು ಬಿದ್ದಾಗ ಸೂರು ಬದಲಿಸಬೇಕು. ಎಲ್ಲದಕ್ಕೂ ಮನೆ ಮುಂದೆ ಡಂಪ್‌ಸ್ಟರ್ ಬೇಕು. ಫೋನಿನಲ್ಲಿ ಸಿಕ್ಕ ಹುಡುಗಿ, 'ಆಲಿಕಲ್ಲು ಬಿದ್ದ ಮೇಲೆ ಸೂರಿನವರೇ ಎಲ್ಲ ಹಿಡಿದಿಟ್ಟಿದ್ದಾರೆ, ಮುಂದಿನ ಶನಿವಾರ ಒಂದೇ ಒಂದು ಖಾಲಿ ಇದೆ' ಅಂದಳು. ದಸರಾ ರಜೆಯಲ್ಲಿ ಮೈಸೂರಿನ ಲಾಡ್ಜಿನವನು ಹೇಳೋ ಧಾಟಿಯೇ.

ಮೂರು ಕಡೆ ಕೇಳಿದೆ. ಒಬ್ಬ 399 ಅಂದ, ಒಬ್ಬಳು 449, ಇನ್ನೊಬ್ಬ 525. ಕಡಿಮೆಯವನದ್ದೇ ಹಿಡಿಯೋಣ ಅಂದರೆ ಅವನು ಒಂದೇ ಟನ್ನು ಬಿಡುತ್ತಾನೆ, ಅದರಾಚೆ ತೂಕಕ್ಕೆ ದಂಡ. 449ರವಳದ್ದು ಎರಡು ಟನ್ನು, ಏಳು ದಿನ. ತೂಕ ಮೀರಿದರೆ ಟನ್ನಿಗೆ 75, ಟನ್ನಿನ ಚೂರಾದರೂ ಪೂರ್ತಿ ಟನ್ನಿನ ಲೆಕ್ಕ. ದಿನ ಮೀರಿದರೆ ದಿನಕ್ಕೆ 12. ಹಾಸಿಗೆ ಹಾಕಿದರೆ ಒಂದಕ್ಕೆ 40. ಬಣ್ಣದ ಡಬ್ಬ, ಬ್ಯಾಟರಿ, ಟೈರು, ಗ್ಯಾಸ್ ಸಿಲಿಂಡರ್, ಫ್ರಿಜ್ಜು ಹಾಕುವ ಹಾಗೇ ಇಲ್ಲ. ಅಂದರೆ ಯಾವುದನ್ನು ಸಾಗಹಾಕೋಕೆ ಗೊತ್ತಾಗದೆ ಹತ್ತು ವರ್ಷ ಇಟ್ಟುಕೊಂಡಿದ್ದೆವೋ ಅಷ್ಟನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಕಬಹುದು. ಇನ್ನೊಂದು ವಿಷಯ: ಇಲ್ಲಿನ ಟನ್ನು ನಮ್ಮ ಟನ್ನಲ್ಲ. 2,000 ಪೌಂಡು, 907 ಕಿಲೋ. ಸಾವಿರಕ್ಕೆ 93 ಕಿಲೋ ಖೋತಾ. ಕೊಬ್ಬರಿ ಮಂಡಿಯಲ್ಲೂ ಇಷ್ಟು ಧಾರಾಳವಾಗಿ ತೂಕ ಹೊಡೆಯೋದು ನಾನು ನೋಡಿಲ್ಲ.

ಮಂಡಿ ನೆನಪಾದದ್ದು ಯಾಕೆಂದರೆ ನಮ್ಮಮ್ಮ ತಿಪಟೂರಿನವಳು, ಆರು ತಿಂಗಳಿಗೆ ಅಂತ ಬಂದು ಇಲ್ಲೇ ಇದ್ದಳು. ತೆಂಗಿನಮರದ ಕೆಳಗೆ ಬೆಳೆದವಳು. ತೆಂಗಿನಲ್ಲಿ ಬಿಸಾಡೋದು ಅಂತ ಒಂದಾದರೂ ಇದೆಯೇ? ಮಟ್ಟೆ ನೀರೊಲೆಗೆ, ನಾರು ಹಗ್ಗಕ್ಕೆ, ಕರಟ ಸೌಟಿಗೆ, ಗರಿಯ ಕಡ್ಡಿ ಪೊರಕೆಗೆ. ಅಂಥವಳ ಮುಂದೆ ಇಪ್ಪತ್ತು ಗಜದ ಡಂಪ್‌ಸ್ಟರ್ ಅಂದೆ.

'ಇಪ್ಪತ್ತು ಗಜ ಅಂದ್ರೆ ಎಷ್ಟೋ? ಒಂಬತ್ತು ಗಜದ್ದು ಎರಡು ಸೀರೆ, ಮೇಲೆರಡು ಕುಪ್ಪಸದ ಕಣ. ಅಷ್ಟಕ್ಕೆ ಯಾಕೆ ಲಾರಿ?'

ಇದು ಘನ ಗಜ ಕಣಮ್ಮ, ಒಂದೊಂದೂ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ, ಹತ್ತು ಗಜದ್ದರಲ್ಲೇ ಮೂರು ನಾಲ್ಕು ಪಿಕಪ್ಪಿನ ಸಾಮಾನು ಹಿಡಿಸುತ್ತೆ ಅಂತ ವಿವರಿಸಿದೆ. ಬಾಡಿಗೆ ಎಷ್ಟು ಅಂದಳು. ಡಾಲರಿನಲ್ಲಿ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಮನಸ್ಸಲ್ಲೇ ರೂಪಾಯಿಗೆ ಗುಣಿಸಿ ಸೋಫಾದ ಮೇಲೆ ಕೂತಳು.

'ನಮ್ಮೂರಲ್ಲಿ ಹಳೇ ಪೇಪರ್, ಖಾಲಿ ಸೀಸ ಅಂತ ಕೂಗ್ಕೊಂಡು ಬರೋನು ತಕ್ಕಡಿ ಹಿಡ್ಕೊಂಡು ಬರ್ತಾನೆ. ತೂಗಿ ಅವನೇ ದುಡ್ಡು ಕೊಡ್ತಾನೆ.'

'ಇಲ್ಲೂ ತೂಗ್ತಾರಮ್ಮ. ದುಡ್ಡು ಮಾತ್ರ ನಾವು ಕೊಡೋದು.'

'ತಿಪ್ಪೆ ಗೊಬ್ಬರನ ಗಾಡಿ ಲೆಕ್ಕದಲ್ಲಿ ಮಾರ್ತಾ ಇದ್ದ ನಿಮ್ಮಜ್ಜ. ನೀನು ತಿಪ್ಪೆನೇ ಬಾಡಿಗೆಗೆ ತರ್ತಿದೀಯ.'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿನಲ್ಲಿ ತಿಪ್ಪೆ ಅಂದರೆ ಆಸ್ತಿ. ತಿಪ್ಪೆಯ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ, ದೀಪಾವಳಿಯಲ್ಲಿ ಅದಕ್ಕೂ ಹೂವು ಮುಡಿಸುತ್ತಾರೆ, ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪಮ್ಮ ಅಂತ ಹೆಸರಿಡುತ್ತಾರೆ. ಅಮೆರಿಕದಲ್ಲಿ ಉಲ್ಟಾ, ಮನುಷ್ಯನ ಹೆಸರನ್ನೇ ತಿಪ್ಪೆಗೆ ಇಟ್ಟರು. ಟೆನೆಸ್ಸಿಯ ನಾಕ್ಸ್‌ವಿಲ್ಲಿನ ಜಾರ್ಜ್ ಡೆಂಪ್‌ಸ್ಟರ್ ಅನ್ನೋರು 1930ರ ದಶಕದಲ್ಲಿ, ಕಸದ ಪೆಟ್ಟಿಗೆಯನ್ನು ಲಾರಿಯೇ ಎತ್ತಿಕೊಳ್ಳುವ ಹಾಗೆ ಮಾಡಿದರು. ಸುರಿಯೋದಕ್ಕೆ ಇಂಗ್ಲಿಷಿನಲ್ಲಿರುವ ಡಂಪ್ ಅನ್ನುವ ಮಾತನ್ನು ತಮ್ಮ ಹೆಸರಿನ ಜೊತೆ ಕಲಸಿದರು, ಡಂಪ್‌ಸ್ಟರ್ ಆಯಿತು. ಆಮೇಲೆ ಆ ಊರಿನ ಮೇಯರೂ ಆದರು. ಕಸ ಎತ್ತಿದವರಿಗೆ ಜನ ಓಟು ಹಾಕಿದ್ದು ಕೇಳಿ ಅಮ್ಮನಿಗೆ ಆ ಊರಿನ ಮೇಲೆ ಸ್ವಲ್ಪ ಗೌರವ ಬಂತು.

ಶನಿವಾರ ಬೆಳಗ್ಗೆ ಲಾರಿ ಬಂತು. ಡ್ರೈವರು ಮೊದಲು ಸಿಮೆಂಟ್ ನೆಲಕ್ಕೆ ಬಿರುಕು ಬಿಡದಿರಲಿ ಅಂತ ಎರಡು ಹಲಗೆ ಹಾಸಿದ. ಲಾರಿಯ ಬೆನ್ನು ಎದ್ದು, ಇಪ್ಪತ್ತೆರಡು ಅಡಿ ಉದ್ದದ ಹಸಿರು ಕಬ್ಬಿಣದ ತೊಟ್ಟಿ ಕೊಕ್ಕೆಯ ಹಗ್ಗದಲ್ಲಿ ಕರಕರ ಅನ್ನುತ್ತ ಜಾರಿ ಹಲಗೆಯ ಮೇಲೆ ಕೂತಿತು. ಅವನು ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಅಮ್ಮ ಒಳಗಿಂದ ಬಂದು ತೊಟ್ಟಿಯ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಅವನು ಬಗ್ಗಿ ನೋಡಿದ, ಬೆರಳಲ್ಲಿ ಮುಟ್ಟಿ ನೋಡಿದ. 'ಪೇಂಟ್ ಅಲ್ಲ ತಾನೇ? ಹಸಿ ಪೇಂಟ್ ತೊಟ್ಟಿಗೆ ಹಾಕೋ ಹಾಗಿಲ್ಲ' ಅಂದ.

ಆಮೇಲೆ ಶುರುವಾಯಿತು ವಿಲೇವಾರಿ. ಮೊದಲಿಗೆ ಸೂಟ್‌ಕೇಸುಗಳು, ಚಕ್ರ ಮುರಿದವು ನಾಲ್ಕು. ತೆರೆದರೆ ಒಳಗೆ ಚಿಕ್ಕ ಸೂಟ್‌ಕೇಸು, ಅದರೊಳಗೆ ಇನ್ನೂ ಚಿಕ್ಕದು, ಅದರ ಹೊಟ್ಟೆಯಲ್ಲಿ ಇಪ್ಪತ್ತು ಮದುವೆಗಳ ತಾಂಬೂಲದ ಚೀಲ. ಚೀಲದ ಮೇಲಿನ ಹೆಸರು ಓದುತ್ತ ಅಮ್ಮ, ನಮ್ಮವಳು ಇಬ್ಬರೂ ಕೂತುಬಿಟ್ಟರು. ಯಾರ ಮಗಳು, ಯಾರ ಸೊಸೆ, ಯಾವ ಛತ್ರ, ಊಟದಲ್ಲಿ ಹೋಳಿಗೆ ಇತ್ತೋ ಇಲ್ಲವೋ. ಒಂದು ದಂಪತಿ ಬೇರೆಯಾಗಿದ್ದಾರೆ ಅನ್ನೋದು ನನಗೆ ಗೊತ್ತಾದದ್ದು ಆವತ್ತೇ. ಅವರ ಚೀಲವನ್ನೂ ಬಿಸಾಡಲಿಲ್ಲ, ಜಿಪ್ ಚೆನ್ನಾಗಿದೆ ಅಂತ. ಮಗ ತನ್ನ ಟ್ರೋಫಿಗಳನ್ನು ತಂದು ಧಡಧಡ ಎಸೆದ, ಎಲ್ಲ ಭಾಗವಹಿಸಿದ್ದಕ್ಕೆ ಕೊಟ್ಟವು. ಕೆಟ್ಟ ವೆಟ್ ಗ್ರೈಂಡರಿನ ಸರದಿ ಬಂದಾಗ ಅಮ್ಮ, 'ಕಲ್ಲು ಮಾತ್ರ ಬಿಚ್ಚಿಡು' ಅಂದಳು. ನಾನೂ ಸಾಚಾ ಅಲ್ಲ. ಯಾವುದಕ್ಕೂ ಸೇರದ ವೈರುಗಳ ಒಂದು ಡಬ್ಬ ನನ್ನದು. ಮೂರು ಸಲ ತೊಟ್ಟಿಯ ಅಂಚಿಗೆ ಹೋಗಿ ಮೂರು ಸಲ ನನ್ನ ಜೊತೆಗೇ ವಾಪಸು ಬಂತು.

ರಾತ್ರಿ ಹನ್ನೊಂದಕ್ಕೆ ಹೊರಗೆ ಸದ್ದು. ಟಾರ್ಚು ಬಿಟ್ಟರೆ ಅಮ್ಮ ಸ್ಟೂಲು ಹಾಕಿಕೊಂಡು ತೊಟ್ಟಿಗೆ ಅರ್ಧ ಬಗ್ಗಿದ್ದಳು. ಮೊಸರಿನ ಡಬ್ಬಿಗಳು ಒಂದೊಂದಾಗಿ ಗ್ಯಾರೇಜಿಗೆ ಮರಳುತ್ತಿದ್ದವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ.

ಭಾನುವಾರ ನೋಡಿದರೆ ತೊಟ್ಟಿ ಅರ್ಧವೂ ತುಂಬಿಲ್ಲ. ಇಲ್ಲಿಂದ ನಮ್ಮ ಮನೆಯವರ ಬುದ್ಧಿ ದಿಕ್ಕು ಬದಲಿಸಿತು. ಬಿಸಾಡೋಕೆ ಮನಸ್ಸು ಬರದೆ ಒದ್ದಾಡಿದವರಿಗೆ ಈಗ ಖಾಲಿ ಜಾಗ ನೋಡಿ ಹೊಟ್ಟೆ ಉರಿಯತೊಡಗಿತು. 449 ಡಾಲರ್ ಕೊಟ್ಟಿದ್ದೀವಿ, ಬರೀ ಗಾಳಿ ಕಳಿಸೋದೇ? ಅನ್‌ಲಿಮಿಟೆಡ್ ಊಟದ ಟೋಕನ್ ತಗೊಂಡವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಏಳುವುದುಂಟೆ? ತೊಟ್ಟಿ ಹೇಗೂ ಇದೆಯಲ್ಲ ಅಂತ ಮಹಡಿಯ ಕಾರ್ಪೆಟ್ಟು ಕಿತ್ತೆವು. ಅದನ್ನು ಕಿತ್ತ ಮೇಲೆ ಹೊಸ ನೆಲ ಹಾಕಿಸಬೇಕು ಅನ್ನೋದು ಯಾರಿಗೂ ಹೊಳೆಯಲಿಲ್ಲ. ಆ ನೆಲದ ಖರ್ಚನ್ನು ಈ ಲೇಖನಕ್ಕೆ ಸೇರಿಸಿಲ್ಲ, ನಮ್ಮವಳೂ ಓದುತ್ತಾಳೆ.

ಬುಧವಾರ ರಾತ್ರಿ ಧೋ ಅಂತ ಮಳೆ. ಟಾರ್ಪಾಲು ಹೊದಿಸಿರಲಿಲ್ಲ. ಕಾರ್ಪೆಟ್ಟು ರಾತ್ರಿಯಿಡೀ ನೀರು ಕುಡಿಯಿತು. ಗುರುವಾರ ಬೆಳಗ್ಗೆ ನೋಡಿದರೆ ಅದರ ಮೇಲೆ ಒಂದು ಡಬಲ್ ಹಾಸಿಗೆ ಅಂಗಾತ ಮಲಗಿತ್ತು. ನಮ್ಮದಲ್ಲ. ಬೀದಿಯಲ್ಲಿ ಎಲ್ಲರೂ ಕೈ ಬೀಸಿ ನಕ್ಕರು, ಆವತ್ತು ಎಂದಿಗಿಂತ ಜಾಸ್ತಿಯೇ ನಕ್ಕರು. ಯಾರ ಮನೆಯದ್ದು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಅಮ್ಮ ಮಾತ್ರ ಎದುರು ಮನೆಯ ಮೇಲೆ ಅನುಮಾನ ಇಟ್ಟುಕೊಂಡೇ ವಿಮಾನ ಹತ್ತಿದಳು.

ಏಳನೇ ದಿನ ಶುಕ್ರವಾರ. 'ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕಳಿಸಬಾರದು, ಲಕ್ಷ್ಮಿ ಹೊರಟುಹೋಗ್ತಾಳೆ' ಅಂದಳು ಅಮ್ಮ. ಕಸ ಲಕ್ಷ್ಮಿ ಹೇಗಾಗುತ್ತೆ ಅಂತ ಕೇಳೋ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಫೋನು ಮಾಡಿ ಮುಂದೂಡಿದೆ. ಶನಿವಾರ ಲಾರಿ ಬಿಡುವಿಲ್ಲ, ಭಾನುವಾರ ರಜೆ, ಸೋಮವಾರ ಬಂದು ಎತ್ತಿಕೊಂಡು ಹೋದರು. ತೊಟ್ಟಿ ಲಾರಿಯ ಬೆನ್ನೇರುವಾಗ ಕಾರ್ಪೆಟ್ಟಿನ ನೀರು ಬೀದಿಯುದ್ದಕ್ಕೂ ಸೋರಿತು, ರಥಕ್ಕೆ ಮುಂಚೆ ಬೀದಿಗೆ ನೀರು ಹೊಯ್ದ ಹಾಗೆ.

ಬಿಲ್ಲು ಬಂತು. ಬಾಡಿಗೆ 449. ಕಸದ ಗುಡ್ಡದ ವೇಬ್ರಿಜ್‌ನಲ್ಲಿ ತೂಗಿದಾಗ 2.3 ಟನ್ನು, ಆದ್ದರಿಂದ 75. ಯಾರದ್ದೋ ಹಾಸಿಗೆಗೆ 40. ಲಕ್ಷ್ಮಿಯ ಮೂರು ದಿನಕ್ಕೆ 36. ಒಟ್ಟು 600. ಅದರ ಮೇಲೆ ಶೇಕಡಾ 8.25 ಮಾರಾಟ ತೆರಿಗೆ, 49 ಡಾಲರ್ 50 ಸೆಂಟು. ಈ ರಾಜ್ಯಕ್ಕೆ ಆದಾಯ ತೆರಿಗೆ ಇಲ್ಲ ಅಂತ ಕ್ಯಾಲಿಫೋರ್ನಿಯಾದ ಗೆಳೆಯರ ಮುಂದೆ ಎದೆ ತಟ್ಟಿಕೊಂಡವನು ನಾನು. ಗಳಿಸಿದ್ದಕ್ಕೆ ಕೇಳಲ್ಲ ನಿಜ, ಬಿಸಾಡಿದ್ದಕ್ಕೆ ಕೇಳುತ್ತಾರೆ.

ತೊಟ್ಟಿ ಹೋದ ಮಾರನೆಯ ದಿನ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬಂತು: ನಿಮ್ಮ ಮನೆಯ ಮುಂದಿರುವ ಡಂಪ್‌ಸ್ಟರನ್ನು ಕೂಡಲೇ ತೆಗೆಸತಕ್ಕದ್ದು.

ಈಗ ಗ್ಯಾರೇಜಿನಲ್ಲಿ ಒಂದು ಕಾರು ನಿಲ್ಲುತ್ತದೆ, ಪಡ್ಡಿನ ಹೆಂಚಿನ ಬಾನೆಟ್ಟಿನದ್ದು. ಇನ್ನೊಂದರ ಜಾಗದಲ್ಲಿ ತೊಟ್ಟಿಗೆ ಬೇಡವಾದ ಬಣ್ಣದ ಡಬ್ಬ, ಟೈರು, ಹಳೇ ಫ್ರಿಜ್ಜು, ರುಬ್ಬುವ ಕಲ್ಲು ಮತ್ತು ನನ್ನ ವೈರು ಇವೆ. ಮೊಸರಿನ ಡಬ್ಬಿ ನಲವತ್ತಮೂರೂ ಕ್ಷೇಮ. ಡಾಲಸ್ ಸುತ್ತಮುತ್ತಲ ಕನ್ನಡಿಗರಲ್ಲಿ ಒಂದು ಬಿನ್ನಹ: ಬೇಕಾದವರು ಬಂದು ಎಷ್ಟಾದರೂ ಒಯ್ಯಿರಿ, ಕಾಫಿಯೂ ಕೊಡುತ್ತೇವೆ. ನಮ್ಮವರಿಗೆ ಯಾರದೇ ಡಬ್ಬಿಯನ್ನೂ ಖಾಲಿ ವಾಪಸು ಕೊಡಬಾರದು ಅನ್ನೋ ಪದ್ಧತಿ ಇದೆಯಲ್ಲ, ಇದೊಂದು ಸಲ ಅದನ್ನು ಮರೆತುಬಿಡಿ. ತುಂಬಿಸಿಯೂ ತರಬೇಡಿ, ಖಾಲಿಯೂ ತರಬೇಡಿ.