ತೋಟಾ ಮೀಮಾಂಸಕರು

ಬನ್ನೇರುಘಟ್ಟ ರಸ್ತೆಯ ಗದ್ದಲವು ತಕ್ಕಮಟ್ಟಿಗೆ ಕ್ಷೀಣಿಸಿ ಕೆರೆಯ ಗಾಳಿ ಸುಳಿಯತೊಡಗುವ ಹುಳಿಮಾವಿನ ಒಂದು ಬೀದಿಯಲ್ಲಿ, ಎಚ್‌ಎಂಟಿ ಕಾರ್ಖಾನೆಯ ಲೇತುಗಳ ನಡುವೆ ಆಯುಷ್ಯದ ಬಹುಭಾಗವನ್ನು ಸವೆಸಿ ನಿವೃತ್ತರಾದ ರಾಯರೊಬ್ಬರು ವಾಸವಾಗಿರುವರು. ಅವರಲ್ಲಿ ಕೋವಿಯಿಲ್ಲ; ಕೋವಿ ಹಾರಿಸಿದ ಅನುಭವವೂ ಇಲ್ಲ. ಆದರೂ ಹಾರಿಸಿದ ಖಾಲಿ ತೋಟಾವನ್ನು ಮನೆಯಲ್ಲಿಯೇ ಮರಳಿ ತುಂಬುವ ಪ್ರೋಗ್ರೆಸಿವ್ ಪ್ರೆಸ್ಸುಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಜಿಜ್ಞಾಸೆಯಲ್ಲಿ ಅವರಷ್ಟು ನಿಮಗ್ನರಾದವರು ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಬ್ಬರಿರಲಾರರು.

ವ್ಯಾಮೋಹದ ಮೂಲ ಕೊಡಗಿನಲ್ಲಿದೆ. ವಿರಾಜಪೇಟೆಯ ಕಡೆಯ ಸ್ನೇಹಿತರ ಮನೆಗೆ ಹುತ್ತರಿಗೆ ಹೋಗಿದ್ದಾಗ, ಕದಿರು ಕೊಯ್ಯುವ ಮುಹೂರ್ತಕ್ಕೆ ಆಕಾಶದತ್ತ ಹಾರಿದ ಈಡು ಅವರ ಕಿವಿಯನ್ನೂ, ನೆಲಕ್ಕೆ ಬಿದ್ದ ಹಿತ್ತಾಳೆ ಬುಡದ ಖಾಲಿ ತೋಟಾ ಅವರ ಅಂತಃಕರಣವನ್ನೂ ಏಕಕಾಲದಲ್ಲಿ ಹೊಕ್ಕವು. ಇಂಥ ವಸ್ತುವನ್ನು ಎಸೆಯುವುದೆ? ಅಮೆರಿಕೆಯಲ್ಲಿ ಜನರು ಗ್ಯಾರೇಜಿನಲ್ಲಿ ಕುಳಿತು ಇದನ್ನೇ ಮತ್ತೆ ತುಂಬುವರೆಂಬ ವಾರ್ತೆ ತಿಳಿದಂದಿನಿಂದ ರಾಯರಿಗೆ ನಿದ್ರೆಯಿಲ್ಲ.

ಅತಿಥಿಗಳು ಬಂದರೆ ಯಂತ್ರತತ್ತ್ವದ ಪ್ರಾತ್ಯಕ್ಷಿಕೆ ನಿಶ್ಚಿತ. ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಲೋಟಗಳನ್ನಿರಿಸಿ ತಿರುಗಿಸುತ್ತ, "ನೋಡಿ, ಇಲ್ಲಿ ಹಳೆಯ ಪ್ರೈಮರ್ ಹೊರಕ್ಕೆ, ಇಲ್ಲಿ ಮದ್ದು, ಇಲ್ಲಿ ಗುಂಡು, ಇಲ್ಲಿ ಬಾಯಿ ಬಿಗಿತ, ಹಿಡಿಯನ್ನು ಒಮ್ಮೆ ಎಳೆದರೆ ನಾಲ್ಕು ಕೆಲಸವೂ ಒಟ್ಟಿಗೆ, ಎಳೆದಷ್ಟು ಸಲ ಒಂದೊಂದು ತೋಟಾ ಸಿದ್ಧ!" ಎಂದು ವಿವರಿಸುವ ಭರದಲ್ಲಿ ಅತಿಥಿಯ ಕಾಫಿಯು ಎರಡನೆಯ ನಿಲ್ದಾಣದಲ್ಲಿ ಚೆಲ್ಲುವುದು. ಒಳಗಿನಿಂದ ಧ್ವನಿ ಬರುವುದು: "ರೀ, ಮೊದಲು ಮಿಕ್ಸಿ ಜಾರಿನ ಬ್ಲೇಡು ತಿರುಗೋ ಹಾಗೆ ಮಾಡಿ, ಆಮೇಲೆ ಲೋಟ ತಿರುಗಿಸೋರಂತೆ."

ನೀಲಿಯ ಡಿಲ್ಲನ್, ಕೆಂಪಿನ ಹಾರ್ನಡಿ, ಹಸುರಿನ ಆರ್‌ಸಿಬಿಎಸ್ ಎಂಬ ಮೂರು ಪ್ರೆಸ್ ಕಂಪನಿಗಳ ಪಂಥಗಳನ್ನು ಕುರಿತ ರಾಯರ ಖಂಡನ-ಮಂಡನವನ್ನು ಮತತ್ರಯದ ಪಂಡಿತರು ಕೇಳಿದ್ದರೆ ತಲೆದೂಗುತ್ತಿದ್ದರು. ಡಿಲ್ಲನ್ನಿನೊಳಗೂ ಭೇದವುಂಟು: ಆರ್‌ಎಲ್ 550 ಎಂಬುದಕ್ಕೆ ನಾಲ್ಕು ನಿಲ್ದಾಣ, ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು, ಎಕ್ಸ್‌ಎಲ್ 750ಕ್ಕೆ ಐದು, ತಟ್ಟೆ ತಾನಾಗಿ ತಿರುಗುವುದು. ಕೈಯಿಂದ ತಿರುಗಿಸುವವನು ಮೈಮರೆತರೆ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿದ್ದು ಕೋವಿಯೂ ಕೈಯೂ ಹೋಗಬಹುದೆಂದು ಬೆಳಿಗ್ಗೆ ಭೀತರಾಗುವ ರಾಯರು, ತಾನಾಗಿ ತಿರುಗುವ ಯಂತ್ರವನ್ನು ಹಳೆಯ ಫಿಟ್ಟರನಾದವನು ನಂಬುವುದು ಹೇಗೆಂದು ಸಂಜೆ ಚಿಂತಿಸುವರು.

ಈ ವಾದವು ಪರಾಕಾಷ್ಠೆಗೆ ಮುಟ್ಟಿದ್ದಾಗ ಕೊಡಗಿನ ಸ್ನೇಹಿತರು ಬಂದು, "ರಾಯರೇ, ಇವೆಲ್ಲ ರೈಫಲ್ಲು ಪಿಸ್ತೂಲುಗಳ ತೋಟಾಕ್ಕೆ. ನಮ್ಮದು ಹನ್ನೆರಡು ಬೋರಿನ ಚರೆ ಕೋವಿ, ಅದಕ್ಕೆ ಮೆಕ್ ಕಂಪನಿಯದೋ ಮತ್ತೊಂದೋ ಬೇರೆ ಯಂತ್ರವೇ ಬೇಕು" ಎಂದರು. ಬೇರೆಯವರಾಗಿದ್ದರೆ ಎದೆಯೊಡೆಯುತ್ತಿದ್ದರು. ರಾಯರ ಮುಖವೋ ಅರಳಿತು: ವಿಚಾರವನ್ನು ಮೊದಲಿನಿಂದ ಆರಂಭಿಸಬಹುದಲ್ಲ! ಕೈಲ್‌ಪೊಳ್ದ್ ಹಬ್ಬಕ್ಕೂ ಹುತ್ತರಿಗೂ ಹಾರಿಸುವ ನಾಲ್ಕಾರು ಈಡಿಗೆ ಗಂಟೆಗೆ ನೂರಾರು ತೋಟಾ ತುಂಬುವ ಯಂತ್ರವೇತಕ್ಕೆಂದು ಸ್ನೇಹಿತರು ಕೇಳಿದುದು ಅವರ ಕಿವಿಗೆ ಬೀಳಲೇ ಇಲ್ಲ.

ರಾಯರು ಕಾನೂನನ್ನು ಅರಿಯದವರಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ದೊರೆತಿರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ತೋಟಾ ತಯಾರಿಸುವುದಕ್ಕಲ್ಲವೆಂದೂ, ಲೈಸೆನ್ಸಿಲ್ಲದೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿಗೆ ವಿರುದ್ಧವೆಂದೂ, 2019ರ ತಿದ್ದುಪಡಿಯ ಮೇಲೆ ಅದಕ್ಕೆ ಕನಿಷ್ಠ ಶಿಕ್ಷೆಯೇ 7 ವರ್ಷವೆಂದೂ ಅವರೇ ನಮಗೆ ಬೋಧಿಸಿದವರು. ಕೊಳ್ಳುವ ಅಪಾಯವು ಲವಲೇಶವೂ ಇಲ್ಲದುದರಿಂದಲೇ ಆಯ್ಕೆಯ ಆನಂದವು ಅವರಿಗೆ ನಿರಾತಂಕವಾಗಿ ಲಭಿಸಿದೆ. ಕಾರು, ಸೈಟು, ವಾಷಿಂಗ್ ಮೆಷಿನ್ನುಗಳನ್ನು ವರ್ಷಗಟ್ಟಲೆ ತೂಗಿ ನೋಡಿ, ಕಡೆಗೆ ಕೊಂಡು ಪರಿತಪಿಸುವ ನಮ್ಮ ನಿಮ್ಮಂಥವರಿಗಿಂತ ಕೊಳ್ಳದೆಯೇ ತೃಪ್ತರಾದ ರಾಯರು ಸುಖಿಗಳು. ವಾಚಕರು ಎಂದಾದರೂ ಆ ಬೀದಿಯಲ್ಲಿ ಹಾದುಹೋಗುವುದಾದರೆ ಅವರಿಗೆ ನಮಸ್ಕರಿಸಲಿ, ಕುಶಲ ವಿಚಾರಿಸಲಿ. ಯಾವ ಯಂತ್ರ ಒಳ್ಳೆಯದೆಂದು ಮಾತ್ರ ಕೇಳದಿರಲಿ. ಕೇಳಲೇಬೇಕೆಂದಿದ್ದರೆ ರಾತ್ರಿಯ ಊಟ ಮುಗಿಸಿಕೊಂಡೇ ಹೋಗುವುದು ಲೇಸು.