ಬಾಯಿಬಿಟ್ಟ ಕೋಳಿ

ಮಾರ್ಚ್ ಕೊನೆಯ ಮಧ್ಯಾಹ್ನ. ಬಬಲೇಶ್ವರದಲ್ಲಿ ಕೊಂಡ ದ್ರಾಕ್ಷಿಯ ಚೀಲ ಹಿಡಿದು ವರದಿಗಾರ ತಿಕೋಟಾ ಸೇರಿದಾಗ, ಜವಾರಿ ಕೋಳಿ ಕಣಿಕಿ ಬಣವಿಯ ನೆರಳಲ್ಲಿ ಕೊಕ್ಕು ತೆರೆದು ಕುಳಿತಿತ್ತು. ಹೇಳಿಕೆ ಕೊಡಲು ಸಿದ್ಧವಿದೆ ಎಂದುಕೊಂಡು ಆತ ನೋಟ್‌ಬುಕ್ ಬಿಚ್ಚಿದ.

“ಮಾತಿಗಲ್ರಿ, ಸೆಕಿಗೆ ಬಾಯಿ ಬಿಟ್ಟೀನಿ. ನಮಗ ಬೆವರಿಲ್ಲ, ತೇಕಬೇಕು. ತೇಕಿದಷ್ಟೂ ರಕ್ತದಾಗಿನ ಇಂಗಾಲದ ಡೈಆಕ್ಸೈಡ್ ಹೊರಬೀಳತೈತಿ, ಸಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮಿ ಆಗತೈತಿ. ಬ್ಯಾಸಗಿ ತತ್ತಿ ತೆಳ್ಳಗಾದ್ರ ನನ್ನ ಬೈಬ್ಯಾಡ್ರಿ.”

ಆತ ಬಂದದ್ದು ಬೇರೆ ಪ್ರಶ್ನೆ ಹೊತ್ತು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದಂತೆ. ವಿಜಯಪುರದ ಚಿಕನ್ ಅಂಗಡಿ ಮುಂದೆ ಒಮ್ಮೆ ಪಿಸುಗುಟ್ಟಿದ್ದು ಎಪ್ಪತ್ತು ಸಲ ಕೇಳುತ್ತದೆ. ಕೋಳಿಗೆ ಹಾರ್ಮೋನ್ ಚುಚ್ಚುತ್ತಾರಂತೆ, ಹೌದೇ?

“ಹಾರ್ಮೋನ್ ಇಲ್ಲದ ಕೋಳಿ ಜಾತ್ರ್ಯಾಗಿನ ಪ್ಲಾಸ್ಟಿಕ್ ಕೋಳಿ! ನಂದು ನನ್ನ ಸ್ವಂತದ್ದು. ಬೆಳಕು ಕಣ್ಣಿಗಷ್ಟ ಅಲ್ಲ, ತಲಿಬುರುಡಿ ದಾಟಿ ಮಿದುಳಿಗೇ ಮುಟ್ಟತೈತಿ. ಹಗಲು ಉದ್ದಾದ್ರ ಮಿದುಳು ಹಾರ್ಮೋನ್ ಕಳಿಸಿ ಪಿಟ್ಯುಟರಿ ಗ್ರಂಥಿಗೆ ಹೇಳತೈತಿ, ಅದು ಎಡಗಡೆ ಅಂಡಾಶಯಕ್ಕ. ಹಳದಿ ಉದುರಿ ತತ್ತಿ ಆಗಾಕ ಇಪ್ಪತ್ತೈದು ತಾಸು, ಅದರಾಗ ಇಪ್ಪತ್ತು ತಾಸು ಬರೇ ಸಿಪ್ಪಿಗೆ. ಹಿಂಗಾಗಿ ಡ್ಯೂಟಿ ದಿನಾ ತುಸು ತಡ, ನಡುವ ಒಂದಿನ ರಜಾ.”

ಬಲಗಡೆಯದು?

“ಇದ್ದೂ ಇಲ್ಲದಂಗ. ಎಡಗಡೆದು ಕೆಟ್ರ ಒಮ್ಮೊಮ್ಮೆ ಅದು ಬೆಳದು, ಹ್ಯಾಟಿಗೆ ಹುಂಜದ ಜುಟ್ಟು ಬರತೈತಿ, ಕೂಗತೈತಿ. 1474ರಾಗ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಾಗ ತತ್ತಿ ಇಟ್ಟ ಹುಂಜನ್ನ ಕೋರ್ಟಿಗೆ ಎಳದು ಸುಟ್ರು. ವಕೀಲರಿಗೆ ಅಂಡಾಶಯದ ಲೆಕ್ಕ ಗೊತ್ತಿರಲಿಲ್ಲ.”

ಬ್ರಾಯ್ಲರ್ ಆರು ವಾರದಲ್ಲಿ ಎರಡು ಕಿಲೋ ದಾಟುವುದು ಹೇಗೆ ಎಂದು ಆತ ಪಟ್ಟು ಹಿಡಿದ.

“ತಲಿಮಾರುಗಟ್ಟಲೆ ಜಲ್ದಿ ಬೆಳೆಯೋವನ್ನ ಆರಿಸಿ ತಳಿ ಕಟ್ಯಾರ, ಮ್ಯಾಲ ಗಟ್ಟಿ ಮೇವು. ಬೆಳವಣಿಗಿ ಹಾರ್ಮೋನ್ ಪ್ರೋಟೀನ್ ರೀ, ಮೇವಿನಾಗ ಹಾಕಿದ್ರ ಹೊಟ್ಟ್ಯಾಗ ಜೀರ್ಣ ಆಗತೈತಿ. ಕೊಡಬೇಕಂದ್ರ ಮತ್ತ ಮತ್ತ ಚುಚ್ಚಬೇಕು. ಶೆಡ್ಡಿನಾಗ ಸಾವಿರಾರು ಹಕ್ಕಿ. ದ್ರಾಕ್ಷಿ ಬಿಡಿಸಾಕ ಆಳು ಸಿಗವಲ್ರು, ಕೋಳಿ ಹಿಡಿದು ಚುಚ್ಚಾಕ ಯಾರು ಬರತಾರ? ಆ್ಯಂಟಿಬಯೋಟಿಕ್ ಬಗ್ಗೆ ಕೇಳ್ರಿ, ಅದು ಕೇಳೋ ಪ್ರಶ್ನಿ.”

ವರದಿಗಾರ ಅದನ್ನು ಬರೆದುಕೊಳ್ಳಲಿಲ್ಲ. ಸೂಜಿಯ ಸುದ್ದಿಗೆ ಇರುವ ರುಚಿ ಅದಕ್ಕೆಲ್ಲಿ?

“ನನಗ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿದ್ರ ಕಾವಿಗೆ ಕೂಡತೀನಿ, ತತ್ತಿ ಬಂದ್,” ಕೋಳಿ ಮುಂದುವರಿಸಿತು. “ಹೆಬ್ಬಾಳದಾಗ ತಯಾರಾದ ಗಿರಿರಾಜ ತಳಿಗೆ ಆ ಚಟ ಇಲ್ಲ. ನನ್ನ ಕಾವು ಬಿಡಸಾಕ ನಮ್ಮವ್ವ ನೀರಾಗ ಅದ್ದತಾಳ. ಅದ್ದೋದು ಅಂದ್ರ ನೆನಪಾತು, ಚೀಲದಾಗ ಏನೈತಿ?”

ದ್ರಾಕ್ಷಿ. ಬೀಜವಿಲ್ಲದ್ದು, ಉದ್ದನೆಯ ಕಾಯಿ.

“ಅಕ್ಟೋಬರದಾಗ ಬಳ್ಳಿ ಚಾಟ್ನಿ ಆದಮ್ಯಾಲ, ಕಾಯಿ ಹಿಡಿಯೂ ಮುಂದ ಗೊಂಚಲ ಒಂದೊಂದಾಗಿ ಮಗ್ಗಿನಾಗ ಅದ್ದತಾರಲ್ಲ, ಜಿ.ಎ. ಅಂತಾರ, ಅದೇನಂದ್ಕೊಂಡ್ರಿ? ಜಿಬ್ಬರೆಲಿಕ್ ಆಮ್ಲ. ಗಿಡದ ಹಾರ್ಮೋನ್! ಬೀಜ ಇದ್ದಿದ್ರ ಬೀಜಾನೇ ಮಾಡಿಕೊಡತಿತ್ತು, ಇಲ್ಲದ್ದಕ್ಕ ಹೊರಗಿಂದ ಕೊಡತಾರ. ತಪ್ಪಲ್ರಿ ಅದು, ಬೇಸಾಯ.”

ವರದಿಗಾರ ಅಗಿಯುತ್ತಿದ್ದ ದವಡೆ ನಿಲ್ಲಿಸಿದ.

“ನುಂಗ್ರಿ, ಏನೂ ಆಗಂಗಿಲ್ಲ. ಇಲ್ಲಂದ್ರ ಎರಡು ಕಾಳು ಇತ್ತ ಒಗೀರಿ.”